ಪ್ಯಾಚ್ ಸರಿ, ಕಾರಣ ಸಾಲದು

ಜನವರಿ 12
(ಖಾಸಗಿ)

ಅಕ್ಕನಿಗೆ,

ಇಷ್ಟು ವರ್ಷದ ಮೇಲೆ ನನ್ನಿಂದ ಪತ್ರ ಬಂತೆಂದರೆ ಏನೋ ಕೆಲಸ ಇರಬೇಕು ಎಂದುಕೊಳ್ಳುತ್ತೀಯ. ಸರಿಯಾಗಿಯೇ ಅಂದುಕೊಂಡಿದ್ದೀಯ. ಇವತ್ತು ಬೆಳಿಗ್ಗೆ ನೀವೆಲ್ಲ ಓದುವ ಕರ್ನಲ್ ಮೇಲಿಂಗ್ ಲಿಸ್ಟಿಗೆ ಒಂದು ಪ್ಯಾಚ್, ಪುಟ್ಟ ತಿದ್ದುಪಡಿ, ಕಳಿಸಿದ್ದೇನೆ. ನೀನು ನೋಡಿಕೊಳ್ಳುವ ಟೈಮರ್ ವಿಭಾಗಕ್ಕೇ ಸೇರಿದ್ದು, ಒಪ್ಪಿ ಸೇರಿಸಬೇಕಾದವಳು ನೀನೇ. ಲಿಸ್ಟಿನಲ್ಲಿ ಇದ್ದಕ್ಕಿದ್ದಂತೆ ನನ್ನ ಹೆಸರು ಕಂಡು ನೀನು ಹುಬ್ಬು ಗಂಟಿಕ್ಕುವುದಕ್ಕೆ ಮೊದಲು ನಾನೇ ಹೇಳಿಬಿಡೋಣ ಅನ್ನಿಸಿತು.

ದೊಡ್ಡದೇನಲ್ಲ, ಒಂದೇ ಒಂದು ಅಂಕೆ. ನಮ್ಮ ಕಂಪನಿಯ ಪಂಪ್ ನಿನಗೆ ಗೊತ್ತಲ್ಲ, ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕದ ಕಂಬಕ್ಕೆ ಸಿಕ್ಕಿಸಿರುತ್ತಾರೆ, ಅಳತೆಯ ಪ್ರಕಾರ ನರಕ್ಕೆ ಔಷಧಿ ಬಿಡುತ್ತದೆ. ಅದರೊಳಗೆ ಓಡುವುದು ನೀವೆಲ್ಲ ಕೂಡಿ ಬರೆದು ಯಾರು ಬೇಕಾದರೂ ಬಳಸಲಿ ಎಂದು ಬಿಡುವ ಮೂಲ ಪ್ರೋಗ್ರಾಂ, ಆ ಕರ್ನಲ್ಲೇ. ಅದರ ವಾಚ್‌ಡಾಗ್ ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ. ಹೊಸ ಚಿಪ್ಪಿಗೆ ತೊಂಬತ್ತರವರೆಗೆ ಕಾಯುವ ಶಕ್ತಿ ಇದೆ ಎಂದು ಕೈಪಿಡಿಯಲ್ಲೇ ಬರೆದಿದೆ. ಹನ್ನೆರಡು ಇದ್ದಲ್ಲಿ ತೊಂಬತ್ತು ಹಾಕಿದ್ದೇನೆ, ಅಷ್ಟೇ.

ಅಮ್ಮ ಆರೋಗ್ಯವಾಗಿದ್ದಾಳೆ. "ನಿಮ್ಮಿಬ್ಬರ ಮಧ್ಯೆ ಸುದ್ದಿ ಹೊತ್ತೂ ಹೊತ್ತೂ ನನಗೆ ಸಾಕಾಗಿದೆ, ಇನ್ನು ನೀವುನೀವೇ ಮಾತಾಡ್ಕೊಳ್ಳಿ" ಅನ್ನುತ್ತಾಳೆ. ಅವಳ ಮಾತು ಕೇಳಿ ಬರೆದೆ ಎಂದಾದರೂ ತಿಳಿದುಕೋ.

ನಿನ್ನ ತಮ್ಮ

*

ಜನವರಿ 15
(ಮೇಲಿಂಗ್ ಲಿಸ್ಟಿಗೆ)

ಪ್ಯಾಚ್ ಕಳಿಸಿದವರಿಗೆ,

ನಿಮ್ಮ ಪ್ಯಾಚ್ ಓದಿದೆ. ಈಚೆಗೆ ಲಿಸ್ಟಿಗೆ ಬಂದವರಿಗಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ವಾಚ್‌ಡಾಗ್ ಎಂದರೆ ಚಿಪ್ಪಿನೊಳಗಿನ ಕಾವಲು ಟೈಮರ್. ಯಂತ್ರ ನಡೆಸುವ ಪ್ರೋಗ್ರಾಂ ಆಗಾಗ ಅದನ್ನು ತಟ್ಟಿ ತಾನು ಎಚ್ಚರವಾಗಿದ್ದೇನೆಂದು ತಿಳಿಸುತ್ತಿರಬೇಕು. ತಟ್ಟುವುದು ನಿಂತು ಮಿತಿ ಮೀರಿದರೆ, ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಅದು ಯಂತ್ರವನ್ನೇ ಆರಿಸಿ ಮತ್ತೆ ಹೊತ್ತಿಸುತ್ತದೆ. ಆಸ್ಪತ್ರೆಯ ಯಂತ್ರಗಳಲ್ಲಿ ಜೊತೆಗೆ ಎಚ್ಚರಿಕೆಯ ಸದ್ದೂ ಹೊಡೆಯುತ್ತದೆ.

ನೀವು ಕೊಟ್ಟ ಕಾರಣ, ಹೊಸ ಚಿಪ್ಪಿಗೆ ತೊಂಬತ್ತು ಸೆಕೆಂಡು ಸಾಧ್ಯ ಎಂಬುದು. ಸಾಧ್ಯ ಎನ್ನುವುದು ಕಾರಣವಲ್ಲ. ಚೆನ್ನಾಗಿರುವ ಪ್ರೋಗ್ರಾಮಿಗೆ ಹನ್ನೆರಡು ಸೆಕೆಂಡೇ ಬೇಕಾದಷ್ಟಾಯಿತು. ತೊಂಬತ್ತು ಯಾರಿಗೆ ಬೇಕು, ಯಾಕೆ ಬೇಕು, ದಯವಿಟ್ಟು ಬರೆಯಿರಿ.

ಟೈಮರ್ ವಿಭಾಗದ ಉಸ್ತುವಾರಿ

*

ಜನವರಿ 15
(ಖಾಸಗಿ)

ಕುಳ್ಳ,

ಲಿಸ್ಟಿನಲ್ಲಿ ನೀನು ನನಗೆ ಹತ್ತರಲ್ಲಿ ಹನ್ನೊಂದನೆಯವನು. ಅಲ್ಲಿ 'ನೀವು' ಅಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನನಗೆ ನೀನು ಏನಾಗಬೇಕು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಇಲ್ಲಿ ಒಂದು ಮಾತು ಕೇಳುತ್ತೇನೆ. ಇದು ನೀನು ಬರೆದದ್ದಾ, ಯಾರಾದರೂ ಬರೆಸಿದ್ದಾ? ಪ್ಯಾಚಿನ ವಿವರಣೆಯನ್ನು ಮೂರು ಸಲ ಓದಿದೆ. ಒಂದು ಕಡೆಯೂ ನಿನ್ನ ದನಿ ಕೇಳಿಸಲಿಲ್ಲ. ನೀನು ಇಷ್ಟು ನಯವಾಗಿ ಬರೆಯುವವನೇ ಅಲ್ಲ.

ಅಕ್ಕ

*

ಜನವರಿ 28
(ಖಾಸಗಿ)

ಅಕ್ಕ,

ಬರೆಸಿದ್ದಾ ಎಂದು ಕೇಳಿದೆಯಲ್ಲ, ಅದನ್ನೋದಿ ಎರಡು ವಾರ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ನನಗೆ ಈ ಕೆಲಸ ಸಿಕ್ಕ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೀನು ಆಡಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಅಕ್ಷರ ಬಿಡದೆ ನೆನಪಿದೆ. "ಅವರು ನಿನ್ನ ಕೆಲಸ ನೋಡಿ ತಗೊಂಡಿಲ್ಲ ಕಣೋ. ನಾನು ನಿನ್ನ ಅಕ್ಕ ಅಂತ ತಗೊಂಡಿದ್ದಾರೆ." ಅಮ್ಮ ಕೈಯಲ್ಲಿದ್ದ ಚಹಾ ಲೋಟ ಹಾಗೇ ಹಿಡಿದುಕೊಂಡು ನಿಂತುಬಿಟ್ಟಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಆಮೇಲೆ ನಮ್ಮ ಮುಖ್ಯ ಎಂಜಿನಿಯರ್ ನನ್ನ ಕೆಲಸ ಹೊಗಳಿದಾಗೆಲ್ಲ ಆ ಮಾತು ಮಧ್ಯೆ ಬಂದು ಕೂರುತ್ತದೆ. ನಿಜವಾಗಿ ಹೊಗಳುತ್ತಿದ್ದಾರೋ, ಇನ್ನೇನೋ ಲೆಕ್ಕಾಚಾರವೋ. ನಿನಗಿರುವ ಈ ಅನುಮಾನದ ಕಾಯಿಲೆ ನನಗೂ ಅಂಟಿದೆ.

ನೀನು ಕೇಳಿದ ಕಾರಣ: ಪಂಪ್ ಸುಳ್ಳು ಎಚ್ಚರಿಕೆ ಹೊಡೆಯುತ್ತದೆ. ರೋಗಿಗಳು ಬೆಚ್ಚಿಬೀಳುತ್ತಾರೆ, ನರ್ಸುಗಳು ಓಡಿ ಬಂದು ನೋಡಿದರೆ ಏನೂ ಆಗಿರುವುದಿಲ್ಲ. ಆಸ್ಪತ್ರೆಯವರು ಬೈಯುತ್ತಿದ್ದಾರೆ. ಮಿತಿ ಹೆಚ್ಚಿಸಿದರೆ ಈ ಕಾಟ ತಪ್ಪುತ್ತದೆ. ಇದನ್ನೇ ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ ಲಿಸ್ಟಿಗೂ ಬರೆದಿದ್ದೇನೆ. ಬರೆದವನು ನಾನೇ.

ತಮ್ಮ

*

ಫೆಬ್ರವರಿ 6
(ಮೇಲಿಂಗ್ ಲಿಸ್ಟಿಗೆ)

ಎಲ್ಲರಿಗೂ,

ಚಿಪ್ಪಿನ ಕೈಪಿಡಿ ತೆರೆದು ನೋಡಿದೆ. ತೊಂಬತ್ತು ಸೆಕೆಂಡು ಸಾಧ್ಯ ಎಂಬುದು ನಿಜ. ಪ್ಯಾಚಿನಲ್ಲಿ ತಪ್ಪಿಲ್ಲ. ಒಂದು ಅಂಕೆಗೆ ಉಸ್ತುವಾರಿಗಳು ಇಷ್ಟು ದಿನದಿಂದ ಎಳೆದಾಡುತ್ತಿರುವುದು ನೋಡಿದರೆ ಕೋಡಿಗೆ ಸಂಬಂಧಿಸದ ಇನ್ನೇನೋ ಕಾರಣ ಇದೆಯೇ ಎಂಬ ಗುಮಾನಿ ಬರುತ್ತದೆ. ಇದ್ದರೆ ತಿಳಿಸಲಿ, ಇಲ್ಲದಿದ್ದರೆ ಸೇರಿಸಲಿ.

ಧ್ವನಿ ವಿಭಾಗದ ಪರಿಶೀಲಕ

*

ಫೆಬ್ರವರಿ 8
(ಮೇಲಿಂಗ್ ಲಿಸ್ಟಿಗೆ)

ಧ್ವನಿ ವಿಭಾಗದವರಿಗೂ ಪ್ಯಾಚ್ ಕಳಿಸಿದವರಿಗೂ,

ಪ್ಯಾಚ್ ಸರಿ. ಕಾರಣ ಸಾಲದು.

ಸುಳ್ಳು ಎಚ್ಚರಿಕೆ ಎಂದಿದ್ದೀರಿ. ಹನ್ನೆರಡು ಸೆಕೆಂಡು ಪ್ರೋಗ್ರಾಂ ಬಾಯಿ ಬಿಡಲಿಲ್ಲ, ಅದಕ್ಕೇ ಎಚ್ಚರಿಕೆ ಹೊಡೆಯಿತು. ಅದರಲ್ಲಿ ಸುಳ್ಳು ಯಾವುದು? ಆ ಹೊತ್ತಿನಲ್ಲಿ ನಿಮ್ಮ ಪ್ರೋಗ್ರಾಂ ಎಲ್ಲಿಗೆ ಹೋಗಿತ್ತು ಎಂದು ಹುಡುಕಿದಿರಾ?

ಇನ್ನೊಂದು ವಿಷಯ. ಪ್ರತಿ ಕಂಪನಿಯೂ ತನಗೆ ಬೇಕಾದ ತಿದ್ದುಪಡಿಯನ್ನು ತನ್ನ ಪ್ರತಿಯಲ್ಲಿ ಮಾಡಿಕೊಂಡು ಯಂತ್ರಕ್ಕೆ ಹಾಕುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ನಿಮಗೆ ಈ ಒಂದು ಅಂಕೆ ಎಲ್ಲರ ಕರ್ನಲ್ಲಿನಲ್ಲೇ ಬೇಕು. ಅದೇಕೆ?

ಉಸ್ತುವಾರಿ

*

ಫೆಬ್ರವರಿ 20
(ಖಾಸಗಿ)

ಅಕ್ಕ,

ನಿನ್ನ ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಮುಖ್ಯ ಎಂಜಿನಿಯರ್ ಕೋಣೆಗೆ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ, ಬಾಗಿಲು ಹಾಕಿಕೊಂಡು ಬಾ ಎಂದು ಸನ್ನೆ ಮಾಡಿದರು.

"ನೋಡಪ್ಪಾ, ನಮ್ಮದೇ ತಿದ್ದುಪಡಿ ಅಂದ್ರೆ ತಪಾಸಣೆಯವರು ಬಂದು ಇದ್ಯಾಕೆ ಮಾಡಿದ್ರಿ ಅಂತ ಕೂರ್ತಾರೆ. ಎಲ್ಲರ ಕರ್ನಲ್‌ನಲ್ಲೇ ಹಾಗೆ ಬಂದಿದ್ರೆ ಒಬ್ರೂ ಕೇಳಲ್ಲ. ಅಷ್ಟೇ ವಿಷಯ."

"ಅವರು ಕೇಳಿದ್ರೆ ಹೇಳೋದಕ್ಕೆ ನಮಗೇನು ಕಷ್ಟ ಸಾರ್?"

"ಕಷ್ಟ ಅಂತಲ್ಲ, ತಡ. ಅಲ್ಲಯ್ಯಾ, ಅಲ್ಲಿ ಕೂತಿರೋದು ನಿಮ್ಮಕ್ಕನೇ ಅಲ್ವಾ? ಮನೆ ಮಾತು. ಒಂದ್ಸಲ ಹೋಗಿ ಕೂತು ಮಾತಾಡಿ ಮುಗಿಸು. ಇಂಥ ಹೊತ್ತಿಗೆ ಬೇಕಾಗುತ್ತೆ ಅಂತ ತಾನೇ..." ಅಂದವರು ಅಲ್ಲಿಗೇ ಮಾತು ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ನಿಲ್ಲಿಸಿದ ಮಾತಿನ ಉಳಿದ ಅರ್ಧ ಏನೆಂದು ನಾನು ಕೇಳಲಿಲ್ಲ. ನೀನೂ ಕೇಳಬೇಡ.

ಆದರೂ ಒಂದು ಹೇಳಲೇಬೇಕು, ನಿನ್ನ ಅನುಮಾನಕ್ಕೆ ಆಧಾರವಿಲ್ಲ. ಒಂದು ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಪ್ರಯೋಗಕ್ಕೆಂದು ಈಗಾಗಲೇ ತೊಂಬತ್ತರ ಪಂಪ್‌ಗಳನ್ನು ಹಾಕಿದ್ದಾರೆ. ಅಲ್ಲಿ ಎಚ್ಚರಿಕೆ ಒಂದು ಸಲವೂ ಹೊಡೆದಿಲ್ಲವಂತೆ. ಎಲ್ಲರಿಗೂ ನೆಮ್ಮದಿಯಾಗಿದೆಯಂತೆ.

ತಮ್ಮ

*

ಫೆಬ್ರವರಿ 21
(ಖಾಸಗಿ)

ಕುಳ್ಳ,

ನಿನ್ನ ಪತ್ರ ಓದಿ ಇದ್ದ ಕೆಲಸ ಬಿಟ್ಟು ಕೂತಿದ್ದೇನೆ.

ಮೊದಲು ಆಗಾಗ ಹೊಡೆಯುತ್ತಿದ್ದದ್ದು ಈಗ ಒಂದು ಸಲವೂ ಹೊಡೆದಿಲ್ಲ ಎಂದೆ. ಪ್ರೋಗ್ರಾಮಿನಲ್ಲಿ ಏನು ಸರಿ ಮಾಡಿದಿರಿ? ಏನೂ ಇಲ್ಲ. ಹಾಗಿದ್ದರೆ ಮೊದಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತೋ ಈಗಲೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದೆ. ಈಗ ಅದನ್ನು ಹೇಳುವವರು ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ. ಆ ಹೊತ್ತಿನಲ್ಲಿ ಔಷಧಿ ಹೋಗುತ್ತಿದೆಯೋ ಇಲ್ಲವೋ?

ಇದು ನನ್ನ ಊಹೆ. ನನ್ನ ಊಹೆಯನ್ನು ನಂಬಬೇಡ. ನಿಮ್ಮ ಮುಖ್ಯ ಎಂಜಿನಿಯರ್ ಮಾತನ್ನೂ ನಂಬಬೇಡ. ಆ ವಾರ್ಡಿಗೆ ಹೋಗಿ ಒಂದು ಪಂಪಿನ ಪಕ್ಕ ಕೂರು. ಪರದೆ ನೋಡಬೇಡ, ಅದು ಹೇಳುವುದನ್ನೇ ಹೇಳುತ್ತಿರುತ್ತದೆ. ಕೊಳವೆಯಲ್ಲಿ ಹನಿ ಬೀಳುತ್ತಿದೆಯೇ ನೋಡು. ನಾನು ಹೇಳಿದ್ದು ತಪ್ಪಾಗಿದ್ದರೆ ಅದೇ ದಿನ ಪ್ಯಾಚ್ ಸೇರಿಸಿ, ಲಿಸ್ಟಿನಲ್ಲಿ ಎಲ್ಲರ ಮುಂದೆ ನಿನ್ನ ಕ್ಷಮೆ ಕೇಳುತ್ತೇನೆ.

ಅಕ್ಕ

*

ಮಾರ್ಚ್ 9
(ಖಾಸಗಿ)

ಅಕ್ಕ,

ನೀನು ಸುಮ್ಮನೆ ಹಠ ಮಾಡುತ್ತಿದ್ದೀಯ ಎಂದು ತೋರಿಸಿಕೊಡಬೇಕು ಎಂದೇ ಹೋದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಧ್ಯಾಹ್ನದ ಹೊತ್ತು. ಉದ್ದನೆಯ ವಾರ್ಡು, ಕಿಟಕಿಗಳಿಗೆ ತೊಳೆದು ತೊಳೆದು ಬಣ್ಣ ಬಿಟ್ಟ ಹಸಿರು ಪರದೆ. ಬಾಗಿಲ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹೆಂಗಸು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಿವೃತ್ತ ಟೀಚರ್. ಸೊಂಟದ ಮೂಳೆಗೆ ಆಪರೇಷನ್ ಆಗಿದೆ, ನಮ್ಮ ಪಂಪ್ ಅವರಿಗೆ ನೋವಿನ ಔಷಧಿ ಬಿಡುತ್ತಿದೆ. ಕಂಪನಿಯಿಂದ ಬಂದಿದ್ದೇನೆ ಎಂದಾಗ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದಳು.

"ಪಂಪ್ ಏನೂ ತೊಂದ್ರೆ ಇಲ್ಲ ಸಾರ್, ಈಗ ಕಿರುಚೋದೇ ಇಲ್ಲ. ತೊಂದ್ರೆ ಇರೋದು ಟೀಚರ್ದು. ಔಷಧಿ ಹೋಗ್ತಾನೇ ಇದೆ, ಆದ್ರೂ ನೋವು ನೋವು ಅಂತಾರೆ. ಕೇಳಿದಾಗೆಲ್ಲ ಜಾಸ್ತಿ ಮಾಡ್ಬೇಡಿ, ಚಟ ಹತ್ತುತ್ತೆ ಅಂತ ಡಾಕ್ಟರ್ ಹೇಳಿದಾರೆ. ಮೊನ್ನೆ ಅವರ ಮಗಳೂ ಬಂದು ಬೈದು ಹೋದ್ಲು, ಸ್ವಲ್ಪ ಸಹಿಸ್ಕೋಬಾರ್ದಾ ಅಂತ."

ನಾನು ಸ್ಟೂಲ್ ಎಳೆದುಕೊಂಡು ಪಂಪಿನ ಪಕ್ಕ ಕೂತೆ. ಟೀಚರ್ ಮುಖ ತಿರುಗಿಸದೆಯೇ ಕೇಳಿದರು, "ನೀವು ಮಿಷನ್ ನೋಡೋಕೆ ಬಂದೋರಾ, ನನ್ನ ಮೇಲೆ ಕಣ್ಣಿಡೋಕಾ?"

"ಮಿಷನ್ ನೋಡೋಕೆ."

"ನೋಡಿ. ಎಲ್ಲರೂ ಅದನ್ನೇ ನೋಡ್ತಾರೆ."

ಬಹಳ ಹೊತ್ತು ಹನಿ ಬೀಳುತ್ತಲೇ ಇತ್ತು. ನಿನ್ನ ಮೇಲೆ ಗೆದ್ದೆ ಎಂದುಕೊಂಡು ಏಳಬೇಕು ಅನ್ನುವಷ್ಟರಲ್ಲಿ ನಿಂತಿತು. ಪರದೆಯ ಮೇಲೆ ಅಳತೆಯ ಅಂಕೆ ಹಾಗೇ ಇತ್ತು, ಹಸಿರು ದೀಪವೂ ಉರಿಯುತ್ತಿತ್ತು. ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕೈಗಡಿಯಾರದಲ್ಲಿ ಒಂದು ನಿಮಿಷ ದಾಟಿತು. ಆಮೇಲೆ ಏನೂ ನಡೆದೇ ಇಲ್ಲ ಎಂಬಂತೆ ಹನಿ ಬೀಳತೊಡಗಿತು. ಐದು ನಿಮಿಷ ಕಳೆಯಲಿಲ್ಲ, ಮತ್ತೆ ನಿಂತಿತು. ಅಲ್ಲಿಂದಾಚೆ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಟೀಚರ್ ಚಾದರದ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳಿ ಹೇಳಿ ಬಿಟ್ಟಿದ್ದರು ಅಂತ ಕಾಣುತ್ತದೆ.

ವಾಚ್‌ಡಾಗ್ ಸುಮ್ಮನೆ ಕೂತಿತ್ತು. ಸುಮ್ಮನಿರು ಎಂದು ಅದಕ್ಕೆ ಹೇಳಿಕೊಟ್ಟದ್ದು ನನ್ನ ಅಂಕೆ.

ನರ್ಸನ್ನು ಕರೆದು ತೋರಿಸಿದೆ. ಅವಳು ನೋಡಿದಳು, ಗುಂಡಿ ಒತ್ತಿದಳು, ಆಮೇಲೆ ಟೀಚರ್ ಮುಖ ನೋಡಿದಳು. "ಇಷ್ಟು ದಿನ..." ಅಂದವಳೇ ಡಾಕ್ಟರನ್ನು ಕರೆಯಲು ಓಡಿದಳು. ಸಂಜೆಯೊಳಗೆ ಆ ವಾರ್ಡಿನ ಎಲ್ಲ ಪಂಪ್ ತೆಗೆಸಿ ಹಳೆಯವನ್ನು ಹಾಕಿಸಿದೆವು. ನಾನು ಹೊರಡುವಾಗ ಟೀಚರಿಗೆ ಅರ್ಧ ನಿದ್ದೆ ಹತ್ತಿತ್ತು. "ನಾನು ಸುಳ್ಳು ಹೇಳ್ತಿರ್ಲಿಲ್ಲ ಅಂತ ನನ್ನ ಮಗಳಿಗೆ ಯಾರಾದ್ರೂ ಹೇಳಿ" ಅಂದರು. ಮಗಳ ನಂಬರ್ ತೆಗೆದುಕೊಂಡು ನಾನೇ ಹೇಳಿದೆ.

ಪಂಪನ್ನು ತಂದು ಬಿಚ್ಚಿ ನೋಡಿದೆ. ಬಿಟ್ಟ ಔಷಧಿಯ ಲೆಕ್ಕವನ್ನೆಲ್ಲ ಪ್ರೋಗ್ರಾಂ ಒಂದು ಮೆಮೊರಿ ಕಾರ್ಡಿನಲ್ಲಿ ಬರೆಯುತ್ತಾ ಹೋಗುತ್ತದೆ. ಕಾರ್ಡ್ ತುಂಬುತ್ತಾ ಬಂದಂತೆ, ಜಾಗ ಸಿಗುವವರೆಗೆ ಎಲ್ಲ ಕೆಲಸ ಬಿಟ್ಟು ಕಾಯುತ್ತಾ ನಿಲ್ಲುತ್ತದೆ.

"ಇದು ನಿಮಗೆ ಗೊತ್ತಿತ್ತಾ ಸಾರ್?" ಎಂದು ಮುಖ್ಯ ಎಂಜಿನಿಯರನ್ನು ಕೇಳಿದೆ.

"ಕಾರ್ಡಿನ ಕೆಲಸ ಸರಿ ಮಾಡೋಕೆ ಆರು ತಿಂಗಳು ಬೇಕಯ್ಯಾ" ಅಂದರು. "ಒಂದು ಅಂಕೆ ಬದಲಾಯಿಸೋಕೆ ಒಂದು ನಿಮಿಷ."

ಇವತ್ತು ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಕೇಳದೆ ಪಂಪ್ ವಾಪಸ್ ತಂದದ್ದಕ್ಕೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅಡುಗೆಮನೆಯಲ್ಲಿ ನೀನು ಹೇಳಿದ್ದು ನಿಜವಾಯಿತು. ನಿನಗೀಗ ಸಮಾಧಾನವೇ?

ತಮ್ಮ

*

ಮಾರ್ಚ್ 10
(ಖಾಸಗಿ)

ಕುಳ್ಳ,

ಸಮಾಧಾನ ಇಲ್ಲ. ನಾನು ಹೇಳಿದ್ದೇ ನಿಜವಾಗಿ ನಿಂತ ಪ್ರತಿ ಸಲವೂ ಮನೆಯವರಲ್ಲಿ ಯಾರಾದರೂ ಒಬ್ಬರು ನನಗೆ ದೂರವಾಗಿದ್ದಾರೆ.

ಅವರು ನಿನ್ನನ್ನು ಯಾಕೆ ತೆಗೆದುಕೊಂಡರು ಎಂಬುದನ್ನೇ ಇಷ್ಟು ದಿನ ತಲೆಯಲ್ಲಿ ಹೊತ್ತು ತಿರುಗಿದೆ. ಯಾಕೆ ತೆಗೆದುಹಾಕಿದರು ಎಂಬುದು ಇವತ್ತು ಗೊತ್ತಾಯಿತಲ್ಲ. ಅದರಲ್ಲಿ ಅಕ್ಕನ ಪಾಲು ಏನೂ ಇಲ್ಲ, ಅದು ಪೂರ್ತಿ ನಿನ್ನ ಸಂಪಾದನೆ.

ಲಿಸ್ಟಿಗೆ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು. ಪ್ಯಾಚ್ ಹಿಂತೆಗೆದುಕೊಂಡೆ ಎಂದು ಒಂದೇ ಸಾಲು ಬರೆದರೂ ಯಾರೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಅಮ್ಮನಿಗೆ ನೀನೇ ಹೇಳು. ನಾನು ಹೇಳಿದರೆ ನಾನೇ ತೆಗೆಸಿದೆ ಅಂದುಕೊಳ್ಳುತ್ತಾಳೆ.

ಅಕ್ಕ

*

ಮಾರ್ಚ್ 14
(ಮೇಲಿಂಗ್ ಲಿಸ್ಟಿಗೆ)

ಎಲ್ಲರಿಗೂ,

ನನ್ನ ಪ್ಯಾಚನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಕಾರಣ ಬರೆಯುತ್ತೇನೆ.

ಸುಳ್ಳು ಎಚ್ಚರಿಕೆ ಎಂದು ನಾನು ಹೇಳಿದ್ದು ತಪ್ಪು. ಎಚ್ಚರಿಕೆ ಹೊಡೆದಾಗಲೆಲ್ಲ ನಮ್ಮ ಪಂಪ್ ನಿಜವಾಗಿಯೂ ನಿಂತಿತ್ತು. ತೊಂಬತ್ತು ಸೆಕೆಂಡಿನ ಮಿತಿ ಹಾಕಿದ ಪಂಪ್‌ಗಳು ಸದ್ದಿಲ್ಲದೆ ನಿಲ್ಲುತ್ತಿದ್ದುದನ್ನು ಒಂದು ವಾರ್ಡಿನಲ್ಲಿ ಕಣ್ಣಾರೆ ಕಂಡೆ. ಒಬ್ಬ ರೋಗಿ ದಿನಗಟ್ಟಲೆ ನೋವು ತಿಂದರು, ಅವರ ಮಾತನ್ನು ಯಾರೂ ನಂಬಲಿಲ್ಲ. ಇದೇ ಬರಹವನ್ನು ತಪಾಸಣೆಯ ಇಲಾಖೆಗೂ ಕಳಿಸಿದ್ದೇನೆ. ಆ ಕಂಪನಿಯಲ್ಲಿ ನಾನು ಈಗ ಇಲ್ಲ. ಇದೇ ಚಿಪ್ ಬಳಸುವವರು ದಯವಿಟ್ಟು ನಿಮ್ಮ ಯಂತ್ರಗಳನ್ನು ಒಮ್ಮೆ ನೋಡಿಕೊಳ್ಳಿ.

ಕೆಲಸವಿಲ್ಲದ ಎಂಜಿನಿಯರ್

*

ಮೇ 3
(ಮೇಲಿಂಗ್ ಲಿಸ್ಟಿಗೆ)

ಟೈಮರ್ ವಿಭಾಗದ ಉಸ್ತುವಾರಿಗಳಿಗೆ,

ಒಂದು ಹೊಸ ಪ್ಯಾಚ್ ಕಳಿಸುತ್ತಿದ್ದೇನೆ, ಕೆಲವೇ ಸಾಲು.

ದೀರ್ಘ ಮಿತಿ ಕೆಲವರಿಗೆ ನಿಜವಾಗಿಯೂ ಬೇಕು. ದೊಡ್ಡ ಡಿಸ್ಕ್ ಪರೀಕ್ಷಿಸುವ ಯಂತ್ರಗಳವರು ಹೋದ ತಿಂಗಳು ಇದೇ ಲಿಸ್ಟಿನಲ್ಲಿ ಕೇಳಿದ್ದರು. ಅವರಿಗೆ ತೊಂಬತ್ತು ಸಿಗಲಿ. ಆದರೆ ಪ್ರೋಗ್ರಾಂ ತಟ್ಟದೆ ಹನ್ನೆರಡು ಸೆಕೆಂಡು ದಾಟಿದರೆ ಯಂತ್ರ ಆರುವುದಕ್ಕೆ ಮೊದಲೇ ಕರ್ನಲ್ ಒಂದು ಎಚ್ಚರಿಕೆ ಹೊರಡಿಸುತ್ತದೆ. ಆ ಎಚ್ಚರಿಕೆಯನ್ನು ಆರಿಸುವ ದಾರಿ ಇಟ್ಟಿಲ್ಲ. ಬೇಕೆಂದೇ ಇಟ್ಟಿಲ್ಲ.

ಈಗ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಎಂಜಿನಿಯರ್

*

ಮೇ 5
(ಮೇಲಿಂಗ್ ಲಿಸ್ಟಿಗೆ)

ಪ್ಯಾಚ್ ಕಳಿಸಿದವರಿಗೆ,

ಓದಿದೆ. ಒಂದು ತಪ್ಪಿದೆ ಎಂದು ನನ್ನ ಅನುಮಾನ. ಹನ್ನೆರಡು ಸೆಕೆಂಡು 'ದಾಟಿದರೆ' ಎಂದು ಬರೆದಿದ್ದೀರಿ. ಸರಿಯಾಗಿ ಹನ್ನೆರಡು ಆದಾಗಲೇ ಎಚ್ಚರಿಸಬೇಕಲ್ಲವೇ? ಹಳೆಯ ಕೋಡಿನಲ್ಲಿ ಆ ಕ್ಷಣಕ್ಕೇ ಯಂತ್ರ ಆರುತ್ತಿತ್ತು. ಗಮನಿಸದೆ ಬಿಟ್ಟದ್ದೋ, ಬೇಕೆಂದೇ ಬಿಟ್ಟದ್ದೋ?

ಉಸ್ತುವಾರಿ

*

ಮೇ 6
(ಮೇಲಿಂಗ್ ಲಿಸ್ಟಿಗೆ)

ಉಸ್ತುವಾರಿಗಳಿಗೆ,

ಬೇಕೆಂದೇ ಬಿಟ್ಟದ್ದು. ಎಷ್ಟೋ ಪ್ರೋಗ್ರಾಂಗಳು ಕೊನೆಯ ಕ್ಷಣದವರೆಗೆ ಕಾದು ತಟ್ಟುತ್ತವೆ. ಅವಕ್ಕೆ ಏನೂ ಆಗಿರುವುದಿಲ್ಲ. ಆ ಕ್ಷಣದಲ್ಲೇ ಎಚ್ಚರಿಸಿದರೆ ಕೆಲವು ಸಲ ನಿಜವಾಗಿಯೂ ಸುಳ್ಳು ಎಚ್ಚರಿಕೆ ಹೊಡೆಯುತ್ತದೆ. ಐದು ಸರ್ಕ್ಯೂಟ್ ಹಲಗೆಗಳ ಮೇಲೆ ಓಡಿಸಿ ನೋಡಿದ ಫಲಿತಾಂಶ ಜೊತೆಗಿಟ್ಟಿದ್ದೇನೆ. ಸುಮ್ಮಸುಮ್ಮನೆ ಕೂಗುವ ಯಂತ್ರದ ಬಾಯಿ ಮುಚ್ಚಿಸಲು ಜನ ಏನಾದರೂ ದಾರಿ ಹುಡುಕಿಯೇ ಹುಡುಕುತ್ತಾರೆ. ನಾನೇ ಹುಡುಕಿದವನು.

ರಿಪೇರಿ ಅಂಗಡಿಯ ಎಂಜಿನಿಯರ್

*

ಮೇ 11
(ಮೇಲಿಂಗ್ ಲಿಸ್ಟಿಗೆ)

ಎಲ್ಲರಿಗೂ,

ಈ ಪ್ಯಾಚನ್ನು ನನ್ನ ಮೇಜಿನ ಮೇಲಿನ ಹಲಗೆಗಳಲ್ಲಿ ಓಡಿಸಿದೆ. ಸರಿಯಾಗಿ ಹನ್ನೆರಡಕ್ಕೆ ಎಚ್ಚರಿಸಬೇಕು ಎಂದಿದ್ದೆ. ನಾನು ಹೇಳಿದ್ದು ತಪ್ಪು, ಅವರು ಬರೆದದ್ದು ಸರಿ. ಒಂದು ವಾರ ಹುಡುಕಿದರೂ ಬೇರೆ ತಪ್ಪು ಸಿಗಲಿಲ್ಲ. ಕಾರಣವೂ ಸಾಕು.

ಆದರೂ ನಾನಾಗಿ ಇದನ್ನು ಸೇರಿಸುವುದಿಲ್ಲ. ಧ್ವನಿ ವಿಭಾಗದ ಪರಿಶೀಲಕರೂ, ಇನ್ನೂ ಒಬ್ಬರು ಯಾರಾದರೂ, ಪ್ರತಿ ಸಾಲನ್ನೂ ಅನುಮಾನದಿಂದಲೇ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಈ ಒಂದು ಪ್ಯಾಚಿನ ಮಟ್ಟಿಗೆ ನನ್ನ ಕಣ್ಣನ್ನು ನಂಬಬೇಡಿ. ಓದುವಾಗ ನನಗೆ ತುಂಬ ಹೆಮ್ಮೆಯಾಯಿತು. ಬರೆದವನು ನನ್ನ ತಮ್ಮ.

ಟೈಮರ್ ವಿಭಾಗದ ಉಸ್ತುವಾರಿ